ಆಕ್ಸಿಯಾನ್ ಸುದ್ದಿ ಓದುವುದು ಹೇಗೆ?

ಆಕ್ಸಿಯಾನ್ ಕಣದ ತೂಕ ಇಷ್ಟಿರಬೇಕು ಅಂತ ಒಂದು ವರದಿ ಹೇಳುತ್ತದೆ. ಅದರ ಸಾವಿರದಲ್ಲಿ ಒಂದು ಪಾಲು ಇದ್ದರೂ ಸಾಕು ಅಂತ ಇನ್ನೊಂದು. ‘ಇವರಿಗೇ ಗೊತ್ತಿಲ್ಲ ಬಿಡಿ’ ಎಂದು ಜನ ಪುಟ ತಿರುಗಿಸಿಬಿಡುತ್ತಾರೆ. ಎರಡು ಲೆಕ್ಕಗಳಲ್ಲೂ ತಪ್ಪಿಲ್ಲದೆ ಇರಬಹುದು. ಹೀಗೆ ಓದಿ ನೋಡಿ.

1. ಕಣದ ಪರಿಚಯ ಇಷ್ಟು ಸಾಕು: ಪರಮಾಣು ಬೀಜದೊಳಗಿನ ಬಲದ ಒಂದು ಒಗಟಿಗೆ 1977ರಲ್ಲಿ ಪೆಚ್ಚೈ ಮತ್ತು ಕ್ವಿನ್ ಎಂಬ ಭೌತವಿಜ್ಞಾನಿಗಳು ಉತ್ತರ ಸೂಚಿಸಿದರು. ಹಾಗಿದ್ದರೆ ಹೊಸ ಕಣವೊಂದು ಇರಲೇಬೇಕು ಎಂದು ಮರುವರ್ಷ ವೈನ್‌ಬರ್ಗ್ ಮತ್ತು ವಿಲ್ಚೆಕ್ ತೋರಿಸಿದರು. ಅದಿನ್ನೂ ಸಿಕ್ಕಿಲ್ಲ. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಸೆಳೆತದಿಂದ ಮಾತ್ರ ಗೊತ್ತಾಗುವ ವಸ್ತು) ಇದೇ ಇರಬಹುದು ಎಂಬ ಆಸೆ ಇದೆ.

2. ಇನ್‌ಫ್ಲೇಷನ್ ಅಂದರೆ ವಿಶ್ವ ಹುಟ್ಟಿದ ಹೊಸತರಲ್ಲಿ ಕ್ಷಣದ ಅತಿ ಸಣ್ಣ ಚೂರಿನಲ್ಲಿ ವಿಪರೀತ ಹಿಗ್ಗಿದ್ದು. ಬಲೂನ್ ಊದಿ ತೋರಿಸುವ ವಿಡಿಯೊ ನೋಡಲೇಬೇಡಿ. ‘ಹೊರಗೇನಿದೆ’ ಅಂತ ತಲೆಕೆಡಿಸಿಕೊಳ್ಳುವುದೇ ಆಗುತ್ತದೆ.

3. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಕಣದ ಹಿಂದೆ ಎಲ್ಲೆಡೆ ಹರಡಿರುವ ‘ಕ್ಷೇತ್ರ’ ಇರುತ್ತದೆ. ಜಾಗ ಜಾಗದಲ್ಲೂ ಆಕ್ಸಿಯಾನ್ ಕ್ಷೇತ್ರಕ್ಕೆ ಒಂದು ಕೋನ ಇರುತ್ತದೆ, ಗಡಿಯಾರದ ಮುಳ್ಳಿನ ಹಾಗೆ. ಮುಳ್ಳು ಮೊದಲು ಎಲ್ಲಿ ನಿಲ್ಲುತ್ತದೆ ಅನ್ನುವುದು ಬರೀ ಅದೃಷ್ಟ. ವಿಶ್ವ ತಣಿದ ಮೇಲೆ ಅದು ಸೊನ್ನೆಯ ಕಡೆ ವಾಲಿ ಅತ್ತಿತ್ತ ತೂಗಲು ಶುರುಮಾಡುತ್ತದೆ. ಆ ಆಸೆ ನಿಜವಾದರೆ, ಆ ತೂಗಾಟದ ಶಕ್ತಿಯೇ ಡಾರ್ಕ್ ಮ್ಯಾಟರ್.

ಮುಳ್ಳು ನಿಂತದ್ದು ಇನ್‌ಫ್ಲೇಷನ್‌ಗೆ ಮೊದಲೋ ಆಮೇಲೋ? ಮೊದಲಾದರೆ, ಒಂದೇ ಕೋನವಿದ್ದ ಚೂರು ಜಾಗ ಹಿಗ್ಗಿ ನಮಗೆ ಕಾಣುವ ಇಡೀ ಆಕಾಶವಾಗಿದೆ. ಆ ಕೋನ ಎಷ್ಟು ಬೇಕಾದರೂ ಇರಬಹುದು. ತುಂಬಾ ಸಣ್ಣದಾಗಿದ್ದರೆ ಕಣ ತೀರಾ ಹಗುರವಾದರೂ ಡಾರ್ಕ್ ಮ್ಯಾಟರ್‌ನ ಲೆಕ್ಕ ಕೂಡುತ್ತದೆ. ಆಮೇಲಾದರೆ, ತುಂಡು ತುಂಡಿಗೂ ಬೇರೆ ಬೇರೆ ಕೋನ. ಸರಾಸರಿ ತೆಗೆದುಕೊಂಡರೆ ಅದೃಷ್ಟದ ಮಾತೇ ಇಲ್ಲ. ಆದರೆ ಕ್ಷೇತ್ರದಲ್ಲಿ ಎಳೆ ಎಳೆಯಾಗಿ ಸಿಕ್ಕುಗಳು ಉಳಿಯುತ್ತವೆ, ಅವು ಕರಗುವಾಗ ಇನ್ನಷ್ಟು ಆಕ್ಸಿಯಾನ್ ಹುಟ್ಟುತ್ತದೆ. ಎಷ್ಟು ಅಂತ ದೊಡ್ಡ ಕಂಪ್ಯೂಟರ್‌ಗಳಲ್ಲಿ ಲೆಕ್ಕ ಹಾಕುವವರ ನಡುವೆಯೇ ಜಗಳ ಇದೆ.

‘ಮೊದಲು’ ಪಕ್ಷಕ್ಕೆ ಒಂದು ತೊಡಕಿದೆ. ಇನ್‌ಫ್ಲೇಷನ್ ನಡೆಯುವಾಗ ಕೋನ ಕೊಂಚ ನಡುಗಿರಬೇಕು. ಆ ನಡುಕದ ಗುರುತನ್ನು ಪ್ಲಾಂಕ್ ಉಪಗ್ರಹ ಆದಿಬೆಳಕಿನಲ್ಲಿ (ವಿಶ್ವದ ಬಾಲ್ಯದಿಂದ ಉಳಿದು ಬಂದ ಬೆಳಕು) ಹುಡುಕಿತು, ಕಾಣಲಿಲ್ಲ. ಹಾಗಾಗಿ ಇನ್‌ಫ್ಲೇಷನ್ ತುಂಬಾ ಹೆಚ್ಚಿನ ಶಕ್ತಿಯಲ್ಲಿ ನಡೆದಿತ್ತು ಅಂತಾದರೆ ಈ ಪಕ್ಷಕ್ಕೆ ಕಷ್ಟ. 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದ ತಂಡ ಅಂಥ ಸುಳಿವು ಸಿಕ್ಕಿತು ಅಂದಿತ್ತು. ಕೊನೆಗೆ ಅದು ನಮ್ಮ ಗ್ಯಾಲಕ್ಸಿಯ ಧೂಳಿನಿಂದಲೂ ಬರಬಹುದಾದ ಸಂಕೇತ ಅಂತಾಯಿತು.

4. ‘ಸಿಗಲಿಲ್ಲ’ ಎಂಬ ಶೀರ್ಷಿಕೆ ನೋಡಿ ಬೇಜಾರಾಗಬೇಡಿ. ಸಿಯಾಟಲ್‌ನ ಎಡಿಎಂಎಕ್ಸ್‌ನಂಥ ಪ್ರಯೋಗ ಬಲವಾದ ಅಯಸ್ಕಾಂತದೊಳಗೆ ಲೋಹದ ಡಬ್ಬಿ ಇಟ್ಟು, ಫ್ರೀಕ್ವೆನ್ಸಿಯನ್ನು ಚೂರುಚೂರೇ ಬದಲಿಸುತ್ತಾ ಹುಡುಕುತ್ತದೆ. ಒಂದೊಂದು ಫ್ರೀಕ್ವೆನ್ಸಿ ಅಂದರೆ ಕಣದ ಒಂದೊಂದು ತೂಕ. ಸಿಗಲಿಲ್ಲ ಅಂದರೆ ಆ ಚೂರಿನಲ್ಲಿ ಇಲ್ಲ, ಅಷ್ಟೇ.

5. ವರದಿಯಲ್ಲಿ ‘ಮೊದಲೋ ಆಮೇಲೋ’ ಹೇಳಿಲ್ಲ ಅಂದರೆ ವಿಜ್ಞಾನ ಪ್ರಬಂಧಗಳ ಅರ್ಕೈವ್ (arXiv) ತಾಣದಲ್ಲಿ ಮೂಲ ಪ್ರಬಂಧ ತೆಗೆಯಿರಿ, ದುಡ್ಡು ಕೊಡಬೇಕಿಲ್ಲ. ಮೊದಲ ಪ್ಯಾರಾದಲ್ಲಿ ಪ್ರೀ-ಇನ್‌ಫ್ಲೇಷನರಿ ಅಥವಾ ಪೋಸ್ಟ್-ಇನ್‌ಫ್ಲೇಷನರಿ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ.