ರೈಜ಼್ ಎಲ್ಲಿ, ರೇಜ಼್ ಎಲ್ಲಿ? ‘ಇಸು’ ಹಚ್ಚಿ ನೋಡಿ

ಸಂಬಳ ಹೆಚ್ಚಿಸಿ ಎಂದು ಕೇಳುವ ಪತ್ರದಲ್ಲಿ ‘ಪ್ಲೀಸ್ ರೈಜ಼್ ಮೈ ಸ್ಯಾಲರಿ’ ಎಂದಿರುತ್ತದೆ. ಉತ್ತರಪತ್ರಿಕೆಯಲ್ಲಿ ‘ದಿ ಸನ್ ರೇಜ಼ಸ್ ಇನ್ ದಿ ಈಸ್ಟ್’ ಎಂದಿರುತ್ತದೆ. ಎರಡೂ ತಪ್ಪು. ಕನ್ನಡ ಬಲ್ಲವರು ಈ ತಪ್ಪು ಮಾಡಬೇಕಾಗಿಯೇ ಇಲ್ಲ, ಏಕೆಂದರೆ ಇಂಗ್ಲಿಷಿನ ರೈಜ಼್, ರೇಜ಼್ ಕ್ರಿಯಾಪದಗಳನ್ನು ಬೇರ್ಪಡಿಸುವ ಅಳತೆಗೋಲು ನಮ್ಮ ವ್ಯಾಕರಣದಲ್ಲೇ ಇದೆ.

ಮೊದಲು ರೂಪಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಆರ್-ಐ-ಎಸ್-ಇ ಎಂದು ಬರೆಯುವ ರೈಜ಼್‌ಗೆ ಭೂತಕಾಲ ರೋಜ಼್, ಹ್ಯಾವ್-ಹ್ಯಾಸ್ ಜೊತೆ ಬಂದಾಗ ರಿಜ಼ನ್. ‘ರೈಜ಼್ಡ್’ ಎಂಬ ರೂಪವೇ ಇಲ್ಲ. ‘ಹ್ಯಾಸ್ ರೋಜ಼್’ ಕೂಡ ತಪ್ಪು. ಆರ್-ಎ-ಐ-ಎಸ್-ಇ ಎಂದು ಬರೆಯುವ ರೇಜ಼್ ಸರಳ: ಎರಡೂ ಕಡೆ ರೇಜ಼್ಡ್. ಉಚ್ಚಾರದಲ್ಲಿ ಎರಡರ ಕೊನೆಯೂ ಜ಼ ಧ್ವನಿಯೇ. ಅಲ್ಲಿ ‘ಸ’ ಎಂದರೆ ಕೇಳುವವರಿಗೆ ಒಂದು ಅಕ್ಕಿಯಾಗುತ್ತದೆ, ಇನ್ನೊಂದು ಓಟದ ಪಂದ್ಯ.

ಈಗ ಪರೀಕ್ಷೆ. ಹೇಳಬೇಕಾದ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಬೆಲೆ ಏರಿತು’ ಎಂದು ಬಂದರೆ ರೈಜ಼್: ‘ಪ್ರೈಸಸ್ ರೋಜ಼್’. ‘ಬೆಲೆ ಏರಿಸಿದರು’ ಎಂದು ಬಂದರೆ ರೇಜ಼್: ‘ದೇ ರೇಜ಼್ಡ್ ಪ್ರೈಸಸ್’. ಏರು ಅಕರ್ಮಕ, ಏರಿಸು ಸಕರ್ಮಕ. ನಾವು ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಇಂಗ್ಲಿಷ್ ಇಲ್ಲಿ ಒಳಗಿನ ಸ್ವರ ಬದಲಿಸಿ ಮಾಡಿದೆ. ಹಳೆಯ ನಾರ್ಸ್ ಭಾಷೆಯಿಂದ ಬಂದ ರೇಜ಼್, ಮೂಲದಲ್ಲಿ ‘ಏಳುವಂತೆ ಮಾಡು’ ಎಂಬ ಪ್ರೇರಣಾರ್ಥಕ ಕ್ರಿಯಾಪದವೇ. ಫಾಲ್ ಎಂದರೆ ಬೀಳು, ಮರ ಉರುಳಿಸುವುದಕ್ಕೆ ಫೆಲ್. ಅದೂ ಇಂಥದೇ ಜೋಡಿ.

ಗೊಂದಲಕ್ಕೆ ದೊಡ್ಡ ಕಾರಣ ಇನ್‌ಕ್ರೀಸ್ ಎಂಬ ಪದ. ‘ಪ್ರೈಸಸ್ ಇನ್‌ಕ್ರೀಸ್ಡ್’ ಸರಿ, ‘ದೇ ಇನ್‌ಕ್ರೀಸ್ಡ್ ಪ್ರೈಸಸ್’ ಕೂಡ ಸರಿ. ಆ ರೂಢಿ ರೈಜ಼್‌ಗೂ ಹರಿದುಬಿಡುತ್ತದೆ. ಅಂಕಿಅಂಶದ ವಾಕ್ಯದಲ್ಲಿ ಅನುಮಾನ ಬಂದರೆ ಇನ್‌ಕ್ರೀಸ್ ಬರೆದು ಮುಂದೆ ಹೋಗಿ, ಯಾವ ನಷ್ಟವೂ ಇಲ್ಲ.

ಕರ್ಮಣಿ ಪ್ರಯೋಗಕ್ಕೂ ಇದೇ ಪರೀಕ್ಷೆ ಒದಗುತ್ತದೆ. ‘ದರ ಏರಿಸಲಾಯಿತು’ ಎನ್ನುತ್ತೇವೆ, ‘ದರ ಏರಲಾಯಿತು’ ಎನ್ನುವುದಿಲ್ಲ. ಹಾಗೆಯೇ ‘ವಾಜ಼್ ರೇಜ಼್ಡ್’ ಉಂಟು, ‘ವಾಜ಼್ ರಿಜ಼ನ್’ ಇಲ್ಲ. ‘ಮೈ ಸ್ಯಾಲರಿ ರೇಜ಼್ಡ್’ ಎಂದು ಅರ್ಧಕ್ಕೆ ನಿಲ್ಲಿಸಬೇಡಿ. ‘ವಾಜ಼್’ ಸೇರಿಸಿ, ಇಲ್ಲವೇ ‘ರೋಜ಼್’ ಎನ್ನಿ.

‘ಇಸು’ ಕಾಣಿಸದ ಕಡೆ ಏಳು, ಎತ್ತು ಜೋಡಿಯನ್ನು ಹಿಡಿಯಿರಿ. ಕೈ ಎತ್ತು, ದನಿ ಎತ್ತು, ಚಂದಾ ಎತ್ತು, ಪ್ರಶ್ನೆ ಎತ್ತು: ನಾಲ್ಕಕ್ಕೂ ರೇಜ಼್. ಇಷ್ಟು ಚೆನ್ನಾಗಿ ಹೊಂದುವ ಪದಗಳು ಎರಡು ಭಾಷೆಗಳ ನಡುವೆ ಅಪರೂಪ. ಆದರೆ ಪ್ರಶ್ನೆ ತಾನಾಗಿ ಎದ್ದರೆ ಅದಕ್ಕೆ ಅರೈಜ಼್ ಬೇಕು: ‘ಎ ಕ್ವೆಶ್ಚನ್ ಅರೋಜ಼್’. ಭಾರದ ಚೀಲ ಎತ್ತುವುದಕ್ಕೆ ಲಿಫ್ಟ್ ಸಹಜ. ನಿದ್ದೆಯಿಂದ ಎಬ್ಬಿಸುವುದಕ್ಕೆ ಮಾತ್ರ ಇಂದಿನ ಬಳಕೆಯಲ್ಲಿ ರೇಜ಼್ ಸಲ್ಲದು, ಅಲ್ಲಿ ವೇಕ್ ಅಪ್. ‘ಐ ರೇಜ಼್ಡ್ ಮೈ ಸನ್’ ಎಂದರೆ ಮಗನನ್ನು ಸಾಕಿ ಬೆಳೆಸಿದೆ ಎಂದರ್ಥ. ನಾವು ಬೆಳಿಗ್ಗೆ ಏಳುವುದಕ್ಕೆ ರೈಜ಼್ ತಪ್ಪಲ್ಲ, ಪುಸ್ತಕದ ಮಾತು ಅಷ್ಟೆ. ದಿನಬಳಕೆಗೆ ಗೆಟ್ ಅಪ್ ಸಾಕು.

ಕನ್ನಡದಲ್ಲಿ ‘ಹುಟ್ಟು’ ಎನ್ನುವ ಎರಡು ಕಡೆ ಇಂಗ್ಲಿಷಿನಲ್ಲಿ ರೈಜ಼್ ಬರುತ್ತದೆ. ಒಂದು ಸೂರ್ಯ, ಇನ್ನೊಂದು ನದಿ. ‘ದಿ ಕಾವೇರಿ ರೈಜ಼ಸ್ ಅಟ್ ತಲಕಾವೇರಿ’ ಎಂದರೆ ನದಿಯ ಉಗಮ ಅಲ್ಲಿ ಎಂದರ್ಥ. ಅನುವಾದಿಸುವವರು ಇದನ್ನು ‘ಕಾವೇರಿ ಉಕ್ಕುತ್ತದೆ’ ಎಂದು ಬರೆದರೆ ಓದುಗರು ಪ್ರವಾಹ ಬಂತೆಂದುಕೊಳ್ಳುತ್ತಾರೆ.

ಕೊನೆಗೆ, ಅಂಕಿಗಳ ಜೊತೆ ಬರುವ ಪುಟ್ಟ ಪದಗಳು. ಎಷ್ಟು ಏರಿತು ಎಂಬುದಕ್ಕೆ ಬೈ, ಎಷ್ಟಕ್ಕೆ ಏರಿತು ಎಂಬುದಕ್ಕೆ ಟು. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ನೀರು 118ರಿಂದ 120 ಅಡಿಗೆ ಬಂದರೆ ‘ದಿ ಲೆವೆಲ್ ರೋಜ಼್ ಬೈ 2 ಫೀಟ್ ಟು 120 ಫೀಟ್’ ಎನ್ನಬೇಕು. ಬೈ ಇರಬೇಕಾದಲ್ಲಿ ಟು ಹಾಕಿದರೆ ಇಡೀ ಅಣೆಕಟ್ಟಿನಲ್ಲಿ ಎರಡೇ ಅಡಿ ನೀರು ಉಳಿಯುತ್ತದೆ! ನಾಮಪದವಾದಾಗ ಯಾವುದರಲ್ಲಿ ಏರಿಕೆ ಎನ್ನಲು ಇನ್ ಬಳಸಿ: ‘ಎ ರೈಜ಼್ ಇನ್ ಪ್ರೈಸಸ್’. ಸಂಬಳ ಏರಿಕೆಗೆ ಬ್ರಿಟನ್ನಿನಲ್ಲಿ ಪೇ ರೈಜ಼್ ಎನ್ನುತ್ತಾರೆ, ಅಮೆರಿಕದಲ್ಲಿ ರೇಜ಼್. ಎರಡೂ ಸರಿ, ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ.