ಎಸ್ಸೆಸ್ಸೆಲ್ಸಿ ಆಯ್ತು, ಮುಂದೆ? ಮೊದಲು ಬಸ್ಸಿನ ಟೈಮ್ ನೋಡಿ

ಮೇ ತಿಂಗಳು ಬಂತೆಂದರೆ ನಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡಿನಲ್ಲಿ ಕಂಬಕ್ಕೊಂದು ಫ್ಲೆಕ್ಸ್. 'ಆರೇ ತಿಂಗಳಲ್ಲಿ ಡಿಪ್ಲೊಮಾ', 'ನೂರಕ್ಕೆ ನೂರು ಕೆಲಸ ಗ್ಯಾರಂಟಿ', 'ಫೇಲಾದವರಿಗೂ ಅವಕಾಶ'. ನನ್ನ ಅಕ್ಕನ ಮಗ ಇಂಥದ್ದೇ ಒಂದನ್ನು ನೋಡಿ ಸೇರಿಕೊಂಡ. ಹದಿನೆಂಟು ಸಾವಿರ ಕಟ್ಟಿದೆವು. ಕೊನೆಗೆ ಚಿನ್ನದ ಬಣ್ಣದ ಸೀಲು ಹೊಡೆದ ಸರ್ಟಿಫಿಕೇಟ್ ಕೊಟ್ಟರು, ನೋಡಲು ಚೆನ್ನಾಗೇ ಇತ್ತು. ಅದನ್ನು ಹಿಡಿದು ಜಿಲ್ಲಾ ಕೇಂದ್ರದಲ್ಲಿ ನಡೆದ ಅಪ್ರೆಂಟಿಸ್ ಮೇಳಕ್ಕೆ ಹೋದ. ಮೇಜಿನ ಆಚೆ ಕೂತವರು ಕೇಳಿದ್ದು ಒಂದೇ ಮಾತು: 'ಎನ್‌ಸಿವಿಟಿ ಇದೆಯಾ?'

ಇರಲಿಲ್ಲ. ಆ ಹೆಸರನ್ನೇ ನಾವು ಯಾರೂ ಕೇಳಿರಲಿಲ್ಲ. ಐಟಿಐ ಕಲಿಕೆಗೆ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿಯ ಮಾನ್ಯತೆ ಅದು ಎಂದು ತಿಳಿದದ್ದು ಆಮೇಲೆ.

ಆ ತಪ್ಪು ಆದ ಮೇಲೆ ನಾನು ಒಂದಷ್ಟು ಕಚೇರಿ, ಐಟಿಐ, ತರಬೇತಿ ಕೇಂದ್ರ ಸುತ್ತಿದೆ. ಹಳ್ಳಿ ಮಕ್ಕಳಿಗೆ ದಾರಿಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇವೆ. ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಎನ್ನುವುದೇ ನಮಗೆ ಗೊತ್ತಿರುವುದಿಲ್ಲ.

ಮೊದಲ ಹೆಜ್ಜೆ: ಕೋರ್ಸ್ ಅಲ್ಲ, ಬಸ್ಸು

ಹೌದು, ಬಸ್ಸೇ. ಐಟಿಐ ಪರೀಕ್ಷೆಗೆ ಕೂರಲು ಶೇ 80 ಹಾಜರಿ ಬೇಕು. ಬೆಳಗ್ಗೆ ಊರಿಂದ ಹೊರಡುವ ಮೊದಲ ಬಸ್ಸು ಮೊದಲ ಪಿರಿಯಡ್ ಮುಗಿದ ಮೇಲೆ ತಲುಪಿದರೆ, ಹುಡುಗ ಎಷ್ಟೇ ಚುರುಕಾಗಿರಲಿ, ದೀಪಾವಳಿ ಹೊತ್ತಿಗೆ ಹಾಜರಿ ಕೈಕೊಡುತ್ತದೆ. ಅದಕ್ಕೇ ಅರ್ಜಿ ಹಾಕುವ ಮುಂಚೆ ಒಂದು ಸೋಮವಾರ ಆ ಬಸ್ಸಿನಲ್ಲೇ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಕೊನೆಯ ಬಸ್ಸು ಎಷ್ಟಕ್ಕೆ, ಕ್ರಾಸಿನಿಂದ ಊರಿಗೆ ಎಷ್ಟು ದೂರ ನಡೆಯಬೇಕು, ಎಲ್ಲ ಗೊತ್ತಾಗುತ್ತದೆ.

ಹೆಣ್ಣುಮಕ್ಕಳ ಲೆಕ್ಕ ಈಗ ಸ್ವಲ್ಪ ಬದಲಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಇಲ್ಲ. ಪಕ್ಕದ ತಾಲ್ಲೂಕಿನ ಐಟಿಐನಲ್ಲಿ ಒಳ್ಳೆಯ ಟ್ರೇಡ್, ಅಂದರೆ ಕಲಿಸುವ ಕಸುಬು, ಇದ್ದರೆ, ಬಸ್ ಚಾರ್ಜಿನ ಕಾರಣಕ್ಕೆ ಅದನ್ನು ಬಿಡಬೇಕಾಗಿಲ್ಲ. ದೂರ ತೀರಾ ಜಾಸ್ತಿ ಎನಿಸಿದರೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ವಿಚಾರಿಸಿ. ಅದು ಪಿಯುಸಿ, ಡಿಗ್ರಿಯವರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಐಟಿಐ, ಡಿಪ್ಲೊಮಾದವರೂ ಅರ್ಜಿ ಹಾಕಬಹುದು.

ಎರಡನೆಯದು: ಈಗ ಎಲ್ಲಿ ನಿಂತಿದ್ದೀರಿ?

ಎಸ್ಸೆಸ್ಸೆಲ್ಸಿ ಫೇಲಾಗಿದ್ದರೆ ತಕ್ಷಣ ಬೇರೆ ಕಡೆ ಓಡಬೇಡಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಮುಂದಿನದರಲ್ಲಿ ಪಾಸಾದರೆ ಒಂದು ವರ್ಷ ಉಳಿಯುತ್ತದೆ. ಓದು ಬೇಡವೇ ಬೇಡ ಎನ್ನುವ ಹುಡುಗನಿಗೆ ಎಂಟನೇ ತರಗತಿ ಪಾಸಾದವರನ್ನು ತೆಗೆದುಕೊಳ್ಳುವ ಐಟಿಐ ಟ್ರೇಡ್‌ಗಳಿವೆ. ವೆಲ್ಡರ್, ವೈರ್‌ಮ್ಯಾನ್ ಅಂಥವು. ವಯಸ್ಸು 14 ತುಂಬಿರಬೇಕು, ಅಷ್ಟೆ.

ಮೂರನೆಯದು: ದಾರಿ ಆರಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಐಟಿಐ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ವೆಲ್ಡರ್, ಕಂಪ್ಯೂಟರಿನ ಕೋಪಾ ಒಂದು ವರ್ಷ. ಸರ್ಕಾರಿ ಐಟಿಐನಲ್ಲಿ ಫೀಸು ಬಹಳ ಕಡಿಮೆ. ಹಳೇ ಲೇತು, ತುಕ್ಕು ಹಿಡಿದ ಬೆಂಚು ಎನ್ನುವ ಚಿತ್ರ ನಿಮ್ಮ ತಲೆಯಲ್ಲಿದ್ದರೆ ಒಮ್ಮೆ ಒಳಗೆ ಹೋಗಿ ನೋಡಿ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಹೊಸದು ಮಾಡಿದೆ. ಅವುಗಳಲ್ಲಿ ರೋಬೋಟ್, ಎಲೆಕ್ಟ್ರಿಕ್ ವಾಹನ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳ ಕಲಿಕೆಗೆ ಬೇರೆಯೇ ವರ್ಕ್‌ಶಾಪ್ ಇದೆ. ಹತ್ತಿರದ ಐಟಿಐ ಆ 150ರಲ್ಲಿ ಇದೆಯೇ ಎಂದು ಪ್ರಿನ್ಸಿಪಾಲರನ್ನೇ ಕೇಳಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 'ಲೈನ್‌ಮ್ಯಾನ್ ಆಗಬೇಕು, ಅದಕ್ಕೆ ಎಲೆಕ್ಟ್ರಿಷಿಯನ್ ತಗೊಂಡೆ' ಎನ್ನುವ ಹುಡುಗರು ಊರೂರಲ್ಲಿ ಸಿಗುತ್ತಾರೆ. 2024ರಲ್ಲಿ ಕೆಪಿಟಿಸಿಎಲ್ ಕರೆದ ಕಿರಿಯ ಪವರ್‌ಮ್ಯಾನ್ (ನಾವು ಲೈನ್‌ಮ್ಯಾನ್ ಎನ್ನುವುದು ಇದನ್ನೇ) ಹುದ್ದೆಗೆ ನೋಡಿದ್ದು ಎಸ್ಸೆಸ್ಸೆಲ್ಸಿ ಅಂಕ, ಜೊತೆಗೆ ಕಂಬ ಹತ್ತುವುದೂ ಸೇರಿದ ದೈಹಿಕ ಪರೀಕ್ಷೆ. ಐಟಿಐ ಬೇಕೇಬೇಕು ಎಂದಿರಲಿಲ್ಲ. ಎಲೆಕ್ಟ್ರಿಷಿಯನ್ ಕಲಿಯಬೇಡಿ ಅಂತಲ್ಲ. ಅದಕ್ಕೆ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ ಬೆಲೆ ಇದೆ, ಊರಲ್ಲೇ ವೈರಿಂಗ್ ಮಾಡಿಕೊಂಡೂ ಬದುಕಬಹುದು. ಆದರೆ ಒಂದೇ ಹುದ್ದೆಯ ಆಸೆಗೆ ಟ್ರೇಡ್ ಆರಿಸುವಾಗ ಆ ಹುದ್ದೆಯ ಹಳೆಯ ನೋಟಿಫಿಕೇಶನ್ ಒಮ್ಮೆ ಓದಿ.

ಪಾಲಿಟೆಕ್ನಿಕ್ ಮೂರು ವರ್ಷ. ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಇನ್ನೊಂದು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಗೆ ಈಗ ಬೇರೆ ಬೇರೆ ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವುದನ್ನು ಕಲಿಸುವ ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷ ಕಲಿಕೆ, ಒಂದು ವರ್ಷ ಕಂಪನಿಯಲ್ಲಿ ಕೆಲಸ. ಕೈಯಲ್ಲಿ ಕೆಲಸ ಮಾಡುವ ಇಷ್ಟ ಇರುವವರಿಗೆ ನಾನಾದರೆ ಇದನ್ನೇ ಮೊದಲು ಹೇಳುತ್ತೇನೆ. ಕೆಲಸ ಮಾತ್ರ ಸುಲಭದ್ದಲ್ಲ, ಇಡೀ ದಿನ ಯಂತ್ರದ ಮುಂದೆ ನಿಲ್ಲಬೇಕು.

ಜಮೀನು ಬಿಟ್ಟು ಹೋಗಲು ಮನಸ್ಸಿಲ್ಲದವರೂ ಇದ್ದಾರಲ್ಲ. ಅವರಿಗೆ ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಅದೂ ಕನ್ನಡದಲ್ಲೇ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆಂದೇ ಹತ್ತು ತಿಂಗಳ ತರಬೇತಿ ಕೊಡುತ್ತದೆ, ತಿಂಗಳಿಗಿಷ್ಟು ಅಂತ ಸ್ಟೈಪೆಂಡೂ ಉಂಟು. ಪಹಣಿ ಸಿದ್ಧ ಇಟ್ಟುಕೊಳ್ಳಿ.

ಇನ್ನು ವಯಸ್ಸು 18 ದಾಟಿದೆ, ವರ್ಷಗಟ್ಟಲೆ ಕೂರುವ ಸ್ಥಿತಿ ಇಲ್ಲ, ಮನೆಯಲ್ಲಿ ಮಗು ಇದೆ ಎನ್ನುವವರಿಗೆ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್. ಇದು ನಮ್ಮ ನೆಲದ್ದೇ ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಉಜಿರೆಯಲ್ಲಿ ಶುರುವಾಯಿತು. ಇದನ್ನೇ ಮಾದರಿ ಮಾಡಿಕೊಂಡು ಕೇಂದ್ರ ಸರ್ಕಾರ ಜಿಲ್ಲೆಗೊಂದು ಸಂಸ್ಥೆ ಮಾಡಿತು. ಕೆಲವು ಜಿಲ್ಲೆಗಳಲ್ಲಿ ರುಡ್‌ಸೆಟ್ ಎಂದೇ ಇದೆ, ಉಳಿದ ಕಡೆ ಬ್ಯಾಂಕಿನ ಹೆಸರಿನ ಮುಂದೆ ಆರ್‌ಸೆಟಿ ಎಂದಿರುತ್ತದೆ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ, ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್, ಸಿಸಿಟಿವಿ ಹಾಕುವುದು, ಹೀಗೆ ಕೆಲವು ವಾರಗಳ ತರಬೇತಿ. ಕಲಿಕೆ, ಊಟ, ವಸತಿ ಎಲ್ಲ ಪುಕ್ಕಟೆ. ಮುಗಿದ ಮೇಲೂ ಎರಡು ವರ್ಷ ಅವರು ಬೆನ್ನು ಬಿಡುವುದಿಲ್ಲ: ಅಂಗಡಿ ಹಾಕಿದೆಯಾ, ಸಾಲ ಆಯ್ತಾ ಅಂತ ಕೇಳುತ್ತಿರುತ್ತಾರೆ. ಸರ್ಟಿಫಿಕೇಟ್ ಇದ್ದರೆ ಬ್ಯಾಂಕಿನಲ್ಲಿ ಮಾತು ಸಲೀಸು. ಹಾಗಂತ ಸಾಲ ಸಿಕ್ಕೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ ಬಾಕಿ ಇದ್ದವರಿಗೆ ತರಬೇತಿ ಪತ್ರ ನೋಡಿ ಯಾವ ಮ್ಯಾನೇಜರೂ ಕರಗುವುದಿಲ್ಲ.

ಬಡಿಗ, ಕಮ್ಮಾರ, ಕುಂಬಾರ, ದರ್ಜಿ ಕೆಲಸ ಮನೆತನದಿಂದ ಬಂದಿದ್ದರೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮವನ್ನೂ ವಿಚಾರಿಸಿ. 18 ಕಸುಬುಗಳು ಅದರಲ್ಲಿವೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ. ಅರ್ಜಿ ಹಾಕುವುದು ಆನ್‌ಲೈನ್ ಅರ್ಜಿ ತುಂಬಿಕೊಡುವ ಸಿಎಸ್‌ಸಿ ಸೆಂಟರಿನಲ್ಲಿ, ಹಳ್ಳಿಯವರದ್ದು ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲಿ.

ನಾಲ್ಕನೆಯದು: ನಾವು ಮಾಡದೇ ಬಿಟ್ಟದ್ದು

ಖಾಸಗಿ ಐಟಿಐ ಸೇರುವುದಾದರೆ ಎರಡು ಪ್ರಶ್ನೆ ಕೇಳಿ. ಎನ್‌ಸಿವಿಟಿ ಮಾನ್ಯತೆ ಇದೆಯೇ? ಇದ್ದರೆ, ನಾನು ಸೇರುವ ಈ ಟ್ರೇಡ್‌ಗೂ ಇದೆಯೇ? ಎರಡನೆಯದನ್ನು ಯಾರೂ ಕೇಳುವುದಿಲ್ಲ. ಮಾನ್ಯತೆ ಕೊಡುವುದು ಟ್ರೇಡ್ ಲೆಕ್ಕದಲ್ಲಿ. ಫಿಟ್ಟರ್‌ಗೆ ಇದ್ದು ಇನ್ನೊಂದಕ್ಕೆ ಇಲ್ಲದೇ ಇರಬಹುದು. ಬಾಯಿಮಾತು ಬೇಡ, ಪತ್ರ ತೋರಿಸಿ ಅನ್ನಿ. 'ಆಮೇಲೆ ಬನ್ನಿ' ಎಂದರೆ ಸುಮ್ನೆ ಎದ್ದು ಬನ್ನಿ. ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಆ ಸಂಸ್ಥೆಯ ಹೆಸರು ಹೇಳಿದರೂ ವಿಷಯ ತಿಳಿಯುತ್ತದೆ.

ವರ್ಕ್‌ಶಾಪ್ ನೋಡಲೇಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ. ಹುಡುಗರ ಕೈಯಲ್ಲಿ ಗ್ರೀಸ್ ಇದೆಯೋ ಮೊಬೈಲ್ ಇದೆಯೋ ನೋಡಿ.

ಐದನೆಯದು: ಕಾಗದ ಪತ್ರ

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಅರ್ಜಿ ಹಾಕಿ. ರಿಸಲ್ಟ್ ಬಂದ ಮೇಲೆ ಎಲ್ಲರೂ ಒಟ್ಟಿಗೆ ಹೋಗುತ್ತಾರೆ, ಸರ್ವರ್ ಮಲಗುತ್ತದೆ. ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪತ್ರಗಳನ್ನು ಓದಿದ ಶಾಲೆಯ ಹೆಡ್‌ಮಾಸ್ಟರ್ ಬರೆದುಕೊಡುತ್ತಾರೆ, ಬಿಇಒ ಮೇಲು ಸಹಿ ಬೇಕು. ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿಯಲ್ಲೇ ಓದಿರಬೇಕು. ನಡುವೆ ಒಂದು ವರ್ಷ ಪಟ್ಟಣದಲ್ಲಿ ಓದಿದ್ದರೂ ತೊಡಕು. ಕಲ್ಯಾಣ ಕರ್ನಾಟಕದವರು ಆ ಭಾಗದ ಮೀಸಲಾತಿಗೆ ಬೇಕಾಗುವ 371ಜೆ ಪತ್ರವನ್ನು ಮರೆಯಬಾರದು, ಅದನ್ನು ಕೊಡುವುದು ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಇನಿಶಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ. ಒಂದರಲ್ಲಿ ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥ್. ಆಧಾರನ್ನು ಮಾರ್ಕ್ಸ್ ಕಾರ್ಡಿನಂತೆ ತಿದ್ದಿಸಿ, ಉಲ್ಟಾ ಮಾಡಲು ಹೋಗಬೇಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ಬ್ಯಾಂಕಿನಲ್ಲಿ ಕೇಳಿ. ಸ್ಕಾಲರ್‌ಶಿಪ್ ಬರುವುದು ಅದರ ಮೂಲಕವೇ.

ಸೇರಿದ ಮೇಲೆ

ಐಟಿಐ ಮುಗಿದರೆ ಎರಡು ಬಾಗಿಲು. ಎರಡು ವರ್ಷದ ಟ್ರೇಡ್ ಪಾಸಾದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷ. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಹೆದರಿ ಐಟಿಐಗೆ ಹೋದವರೂ ಈ ದಾರಿಯಲ್ಲಿ ಇಂಜಿನಿಯರ್ ಆಗಬಹುದು, ವರ್ಷ ಸ್ವಲ್ಪ ಜಾಸ್ತಿ ಹಿಡಿಯುತ್ತದೆ ಅಷ್ಟೆ.

ಇನ್ನೊಂದು ಅಪ್ರೆಂಟಿಸ್. 1961ರ ಕಾಯ್ದೆಯ ಪ್ರಕಾರ ಕಂಪನಿಯಲ್ಲಿ ಕಲಿಯುತ್ತಾ ಸ್ಟೈಪೆಂಡ್ ಪಡೆಯುವುದು. ಅದರಲ್ಲಿ ಕಾಲು ಭಾಗ, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರ್ಕಾರದಿಂದ ನೇರ ಖಾತೆಗೆ ಬರುತ್ತದೆ. ಇಲ್ಲೂ ಒಂದು ಎಚ್ಚರ ಬೇಕು. ಕೆಲವು ಕಡೆ 'ಟ್ರೈನಿ' ಅಂತ ಸೇರಿಸಿಕೊಂಡು ವರ್ಷಗಟ್ಟಲೆ ದುಡಿಸುತ್ತಾರೆ, ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರೇ ಇರುವುದಿಲ್ಲ. ಕರಾರು ಆ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು, ಇಲ್ಲದಿದ್ದರೆ ಕೊನೆಗೆ ಸರ್ಟಿಫಿಕೇಟ್ ಸಿಗುವುದಿಲ್ಲ. ಮೊದಲ ವಾರದಲ್ಲೇ ನೋಂದಣಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಹುಡುಗ ಈಗ ಸರ್ಕಾರಿ ಐಟಿಐನಲ್ಲಿ ವೆಲ್ಡರ್ ಕಲಿಯುತ್ತಿದ್ದಾನೆ. ಏಳು ಹತ್ತರ ಬಸ್ಸು. ಮೊನ್ನೆ ಅಕ್ಕ ಫೋನ್ ಮಾಡಿದಾಗ ಅವನ ಹಾಜರಿ ಎಷ್ಟು ಅಂತ ಕೇಳಿದೆ. ಎಂಬತ್ತಾರು ಅಂದಳು.