ಅಮ್ಮ ಹೇಳಿದ ಸಾಕ್ಷಿ: ನನ್ನ ಅನಲ್ಮೆಂಟ್ ಅನುಭವ

ಕೋರ್ಟಿನಲ್ಲಿ ಡೈವೋರ್ಸ್ ಸಿಕ್ಕಿದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಮೂರು ವರ್ಷ ಬಿಟ್ಟು ಇನ್ನೊಂದು ಮದುವೆಯ ಮಾತು ಬಂತು. ನಮ್ಮ ಕ್ಯಾಥೋಲಿಕ್ ಧರ್ಮಕೇಂದ್ರದ ಫಾದರ್ ಹತ್ತಿರ ಹೋದೆ. "ಕೋರ್ಟಿನ ಲೆಕ್ಕದಲ್ಲಿ ನೀವು ಬೇರೆಯಾಗಿದ್ದೀರಮ್ಮ. ಧರ್ಮಸಭೆಯ ಲೆಕ್ಕದಲ್ಲಿ ಆ ಮದುವೆ ಇನ್ನೂ ಇದೆ. ಮೊದಲು ಅನಲ್ಮೆಂಟ್‌ಗೆ, ಅಂದರೆ ಆ ಮದುವೆ ಮೊದಲಿಂದಲೇ ಸಿಂಧುವಲ್ಲ ಅನ್ನೋ ತೀರ್ಪಿಗೆ, ಚರ್ಚಿನ ನ್ಯಾಯಾಲಯವಾದ ಟ್ರಿಬ್ಯೂನಲ್‌ನಲ್ಲಿ ಅರ್ಜಿ ಹಾಕಬೇಕು" ಅಂದರು.

ಅವತ್ತೇ ಇನ್ನೊಂದು ವಿಷಯ ಗೊತ್ತಾಯಿತು. ಡೈವೋರ್ಸ್ ಆದವರು ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ತಗೊಳ್ಳಬಾರದು ಅಂತ ಯಾರೋ ಹೇಳಿದ್ದನ್ನು ನಂಬಿ, ಮೂರು ವರ್ಷ ಪೂಜೆಯಲ್ಲಿ ಬೆಂಚು ಬಿಟ್ಟು ಎದ್ದಿರಲಿಲ್ಲ. ಅದು ತಪ್ಪು. ಡೈವೋರ್ಸ್ ಆಗಿ ಒಂಟಿಯಾಗಿ ಇರುವವರಿಗೆ ಆ ಒಂದು ಕಾರಣಕ್ಕೆ ತಡೆಯಿಲ್ಲ. ದಯವಿಟ್ಟು ಇದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿ.

ಅರ್ಜಿಯಲ್ಲಿ ಹನ್ನೊಂದು ಪುಟ ಬರೆದೆ. ಜಗಳ, ಹೊಡೆತ, ಅಡವಿಟ್ಟ ಒಡವೆ, ಎಲ್ಲವನ್ನೂ. ಟ್ರಿಬ್ಯೂನಲ್‌ನ ಫಾದರ್ ಪೂರ್ತಿ ಓದಿ ಮೆತ್ತಗೆ ಹೇಳಿದರು: "ಇದೆಲ್ಲ ಮದುವೆ ಆದಮೇಲೆ ನಡೆದದ್ದು. ಮದುವೆಗೆ ಮುಂಚೆ ಏನಾಯ್ತು ಅಂತ ಬರೀರಿ."

ಅನಲ್ಮೆಂಟ್ ಅಂದರೆ ಚರ್ಚಿನ ಡೈವೋರ್ಸ್ ಅಲ್ಲ ಅನ್ನೋದು ಆಗ ಅರ್ಥವಾಯಿತು. ಇದ್ದ ಮದುವೆಯನ್ನು ಅವರು ಮುರಿಯುವುದಿಲ್ಲ. ಮದುವೆಯ ದಿನ ಚರ್ಚಿನ ಬಲಿಪೀಠದ ಮುಂದೆ "ಒಪ್ಪಿಗೆ ಇದೆ" ಅಂದ ಗಳಿಗೆಯಲ್ಲಿ ಆ ಒಪ್ಪಿಗೆ ನಿಜವಾಗಿತ್ತಾ ಅಂತ ನೋಡುತ್ತಾರೆ. ಆಮೇಲಿನ ಜಗಳಕ್ಕೂ ಬೆಲೆ ಇದೆ, ಆದರೆ ಮುಂಚಿನದಕ್ಕೆ ಸಾಕ್ಷಿಯಾಗಿ ಮಾತ್ರ.

ಮತ್ತೆ ಬರೆಯೋಕೆ ಒಂದು ತಿಂಗಳು ಬೇಕಾಯಿತು. ನನಗಾಗ ಇಪ್ಪತ್ತೊಂದು. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಅವರು ಕಣ್ಣು ಮುಚ್ಚೋ ಮುಂಚೆ ಮಗಳ ಮದುವೆ ಆಗಲೇಬೇಕು ಅಂತ ಮನೆಯವರೆಲ್ಲ ಹಟ ಹಿಡಿದರು. ನನಗೆ ಬೇಡವಾಗಿತ್ತು. ಬಲವಂತದಿಂದಲೋ ದೊಡ್ಡ ಭಯದಿಂದಲೋ ಆದ ಮದುವೆ ಮದುವೆಯೇ ಅಲ್ಲ ಅಂತ 1983ರ ಧರ್ಮಸಭೆಯ ಕಾನೂನಿನ 1103ನೇ ವಿಧಿ ಹೇಳುತ್ತದೆ. ನನ್ನ ಕೇಸು ನಿಂತದ್ದು ಅದರ ಮೇಲೆ.

ಕಾಗದ ಪತ್ರ ಹೊಂದಿಸೋದು ಕಷ್ಟವಾಗಲಿಲ್ಲ. ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಸರ್ಟಿಫಿಕೇಟ್, ಚರ್ಚಿನ ಮದುವೆ ಸರ್ಟಿಫಿಕೇಟ್, ಕೋರ್ಟಿನ ಆದೇಶದ ಪ್ರತಿ, ನಮ್ಮ ಫಾದರ್ ಪತ್ರ. ಕಷ್ಟವಾದದ್ದು ಸಾಕ್ಷಿಗಳ ವಿಷಯದಲ್ಲಿ. ಮದುವೆಗೆ ಮುಂಚಿನಿಂದ ನನ್ನನ್ನು ಬಲ್ಲವರೇ ಬೇಕಿತ್ತು. ಆ ಬಲವಂತವನ್ನು ಕಣ್ಣಾರೆ ಕಂಡವಳು ಒಬ್ಬಳೇ, ನನ್ನಮ್ಮ. ಬಲವಂತ ಮಾಡಿದವಳೂ ಅವಳೇ.

ಕೇಳೋಕೆ ಬಾಯಿ ಬರಲಿಲ್ಲ. ಒಂದು ಸಂಜೆ ಅವಳು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಾಗ ಹೇಳಿಬಿಟ್ಟೆ. ಕೈ ನಿಂತಿತು. "ದೇವರ ಮುಂದೆ ಹೇಳಬೇಕಾ?" ಅಂದಳು. ಬೈಬಲ್ ಮುಟ್ಟಿ ಪ್ರಮಾಣ ಮಾಡಬೇಕು ಅಂದೆ. "ಬರ್ತೀನಿ" ಅಂದು ಮತ್ತೆ ಹುರುಳಿಕಾಯಿ ತಗೊಂಡಳು.

ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಾರೆ. ಹಾಗಾಗಿ ಅವಳು ಏನು ಹೇಳಿದಳು ಅಂತ ಅವತ್ತು ಗೊತ್ತಾಗಲಿಲ್ಲ. ತೀರ್ಪಿಗೆ ಮುಂಚೆ ಫೈಲು ಓದೋಕೆ ಅವಕಾಶ ಕೊಡುತ್ತಾರೆ, ಆಗ ಓದಿದೆ. "ಹಿಂದಿನ ರಾತ್ರಿ ನನ್ನ ಮಗಳು ಬೇಡಮ್ಮ ಅಂತ ಅತ್ತಳು. ನಿಮ್ಮಪ್ಪನಿಗೆ ಏನಾದರೂ ಆದರೆ ನೀನೇ ಕಾರಣ ಅಂತ ನಾನಂದೆ. ಆಮೇಲೆ ಅವಳು ಮಾತಾಡಲಿಲ್ಲ." ಪ್ರತಿ ಪುಟದ ಕೆಳಗೂ ಅಮ್ಮನ ನಡುಗುವ ಸಹಿ. ಆ ರಾತ್ರಿ ನಾನು ಬೇಡ ಅಂದದ್ದು ಅವಳಿಗೆ ಕೇಳಿಸಿತ್ತು ಅಂತ ನನಗೆ ತಿಳಿದದ್ದು ಆ ಕಾಗದದಿಂದ.

ಮಾಜಿ ಗಂಡನಿಗೂ ಪತ್ರ ಹೋಗಿತ್ತು. ಉತ್ತರ ಬರಲಿಲ್ಲ. ಅವರು ಬಾರದಿದ್ದರೂ ಕೇಸು ನಿಲ್ಲುವುದಿಲ್ಲ. ಮದುವೆ ಸರಿಯಾಗಿಯೇ ಇದೆ ಅಂತ ವಾದಿಸೋಕೆ ಟ್ರಿಬ್ಯೂನಲ್‌ನಲ್ಲೇ ಒಬ್ಬರು ಇರುತ್ತಾರೆ. ಮೊದಮೊದಲು ಅವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಅವರಿದ್ದದ್ದಕ್ಕೇ ತೀರ್ಪಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಮೊದಲೆಲ್ಲ ಒಂದು ಟ್ರಿಬ್ಯೂನಲ್ ಒಪ್ಪಿದರೆ ಸಾಲದು, ಎರಡನೆಯದೂ ಒಪ್ಪಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ತೆಗೆದರು. ಹಾಗಿದ್ದರೂ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಚರ್ಚಿನ ತೀರ್ಪೊಂದೇ ಸಾಕು, ಕೋರ್ಟ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಸಾಲದು. ಚರ್ಚಿನ ಟ್ರಿಬ್ಯೂನಲ್ ತೀರ್ಪಿಗೆ ಕಾನೂನಿನ ಮಾನ್ಯತೆ ಕೊಡಿ ಅಂತ ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಕೋರ್ಟಿನ ಡೈವೋರ್ಸ್ ಇಲ್ಲದೆ ಮತ್ತೆ ಮದುವೆಯಾದರೆ ಅದು ಅಪರಾಧ.

ನನ್ನ ಮಗಳ ಗತಿ ಏನು ಅನ್ನೋ ಭಯ ನನ್ನನ್ನು ತುಂಬಾ ದಿನ ಕಾಡಿತ್ತು. ಮದುವೆಯೇ ಅಲ್ಲ ಅಂದರೂ ಮಕ್ಕಳು ಸಕ್ರಮವೇ ಅಂತ ಧರ್ಮಸಭೆಯ ಕಾನೂನಿನ 1137ನೇ ವಿಧಿಯಲ್ಲಿದೆ. ಫಾದರ್ ಆ ಪುಟ ತೆರೆದು ತೋರಿಸಿದಾಗ ಅಲ್ಲೇ ಕೂತು ಅತ್ತೆ.

ತೀರ್ಪು ಬಂದ ಮೇಲೆ ನನಗೆ ಜ್ಞಾನಸ್ನಾನವಾದ ಊರಿನ ಚರ್ಚಿಗೆ ಪತ್ರ ಹೋಯಿತು. ಅಲ್ಲಿನ ಹಳೇ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಪಕ್ಕದ ಅಂಚಿನಲ್ಲಿ ಫಾದರ್ ಎರಡು ಸಾಲು ಬರೆದು, ತಾರೀಖು ಹಾಕಿದರು. ಹೊಸ ಮದುವೆಗೆ ದಿನ ಗೊತ್ತು ಮಾಡಿದ್ದು ಅದಾದ ಮೇಲೆಯೇ.